ಮೆಲ್ಲಗಯ್ಯನ ಕಪ್ಪು ತಲೆ

ಅವನು ನಡೆದರೆ ಸಪ್ಪಳವಾಗುತ್ತಿರಲಿಲ್ಲ. ಮೊದಲು ಮುಂಗಾಲು ನೆಲಕ್ಕೆ ತಾಗಬೇಕು, ನೆಲ ತನ್ನನ್ನು ಹೊರಲು ಒಪ್ಪಿದೆಯೆಂಬ ಭರವಸೆ ಬರಬೇಕು, ಆಮೇಲಷ್ಟೇ ಹಿಮ್ಮಡಿ ಇಳಿಯಬೇಕು. ಹೀಗೆ ಒಂದೊಂದು ಹೆಜ್ಜೆಗೂ ಭೂಮಿಯ ಅನುಮತಿ ಪಡೆದು ಸಾಗುವ ಆ ನಡಿಗೆಯ ದೆಸೆಯಿಂದ, ಜಗತ್ತಿನಲ್ಲಿ ಎಲ್ಲಕ್ಕೂ ಹೆದರುತ್ತಿದ್ದ ಆ ಮನುಷ್ಯನಿಂದ ನಾವೆಲ್ಲ ದಿನಕ್ಕೊಮ್ಮೆಯಾದರೂ ಬೆಚ್ಚಿಬೀಳುತ್ತಿದ್ದೆವು. ಕಚೇರಿಯಲ್ಲಿ ಬಗ್ಗಿ ಬರೆಯುತ್ತಿದ್ದವರ ಬೆನ್ನ ಹಿಂದೆ, ಉಗ್ರಾಣದಲ್ಲಿ ಕಾಳು ಅಳೆಯುತ್ತಿದ್ದವರ ಪಕ್ಕದಲ್ಲಿ, ಅವನು ಎಷ್ಟು ಹೊತ್ತಿನಿಂದಲೋ ನಿಂತಿರುತ್ತಿದ್ದ. ಕರೆದರೆ ಎಲ್ಲಿ ಗಾಬರಿಯಾಗುತ್ತಾರೋ ಎಂದು ಕರೆಯದೆ, ಕರೆಯದ್ದರಿಂದಲೇ ಅವರನ್ನು ಇನ್ನಷ್ಟು ಗಾಬರಿಪಡಿಸಿ, ಅವರ ಗಾಬರಿ ಕಂಡು ತಾನೂ ಹೌಹಾರಿ, "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದ.

ಆ ಮಾತೇ ಅವನಿಗೆ ಹೆಸರಾಗಿ ಅಂಟಿಕೊಂಡಿತು. ಪ್ರಾಣಿಸಂಗ್ರಹಾಲಯದ ಹಕ್ಕಿಗಳ ವಿಭಾಗಕ್ಕೆ ಅವನು ಪಾಲಕನಾಗಿ ಬಂದ ಹೊಸದರಲ್ಲೇ, ಕಬ್ಬಿಣದ ಬಾಗಿಲು ಎಳೆಯುವವನಿಗೆ ಮೆಲ್ಲಗೆ, ನೀರಿನ ಗಾಡಿ ತಳ್ಳುವವನಿಗೆ ಮೆಲ್ಲಗೆ, ಲೋಟದಲ್ಲಿ ಸಕ್ಕರೆ ಕಲಕುವವನಿಗೂ ಮೆಲ್ಲಗೆ ಎಂದು ಹೇಳಿ ಹೇಳಿ ಮೆಲ್ಲಗಯ್ಯನಾದ. ಹೆಸರಿಟ್ಟವರು ಸಿಂಹದ ಮನೆಯ ಕಡೆಯವರು. ಅವರಿಗೆ ಸ್ವಭಾವತಃ ಸ್ವಲ್ಪ ಮದ ಜಾಸ್ತಿ. ಮೆಲ್ಲಗಯ್ಯನಿಗೆ ಬೇಸರವಾಗಲಿಲ್ಲ. ಕೂಗಿ ಕರೆಯುವಾಗಲೂ ಆ ಹೆಸರನ್ನು ಜೋರಾಗಿ ಕೂಗಲು ಯಾರಿಗೂ ಮನಸ್ಸು ಬರುವುದಿಲ್ಲವೆಂಬ ಲಾಭವನ್ನು ಅವನು ಅದರಲ್ಲಿ ಕಂಡುಕೊಂಡಿದ್ದ.

ಅವನ ಕೋಟಿನ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ಮಣ್ಣಿನ ಬಣ್ಣದ ದಪ್ಪ ಬಟ್ಟೆಯ ಕೋಟು. ಮೊಣಕೈಗಳಲ್ಲಿ ತೇಪೆ, ಜೇಬಿನ ಅಂಚಿನಲ್ಲಿ ಹಣ್ಣಿನ ರಸದ ಹಳೆಯ ಕಲೆ, ಮೇಲಿನ ಗುಂಡಿಯಿದ್ದ ಜಾಗದಲ್ಲಿ ಬರೀ ದಾರದ ಗಂಟು. ಆ ಗುಂಡಿ ಹೊಳೆಯುತ್ತಿತ್ತು, ಹೊಳೆಯುವುದನ್ನು ಹಕ್ಕಿಗಳು ಕುಕ್ಕಿ ನುಂಗುತ್ತವೆಂದು ಅವನೇ ಕಿತ್ತುಹಾಕಿದ್ದ. ಸಿಬ್ಬಂದಿಗೆಲ್ಲ ನೀಲಿ ಸಮವಸ್ತ್ರ ಬಂದ ವರ್ಷ, ಮೇಲಧಿಕಾರಿಯ ಕೋಣೆಯ ಹೊರಗೆ ಇಡೀ ಮಧ್ಯಾಹ್ನ ನಿಂತು ಧೈರ್ಯ ಕೂಡಿಸಿಕೊಂಡು, ಒಳಗೆ ಹೋಗಿ ಬೆವರು ಒರೆಸಿಕೊಳ್ಳುತ್ತ, "ಸಾರ್, ಇದನ್ನ ಹಾಕ್ಕೊಂಡು ಹೋದ್ರೆ ಅವು ನನ್ನ ಬೇರೆ ಯಾರೋ ಅಂದ್ಕೊಂಡುಬಿಡ್ತವೆ" ಎಂದು ನಿವೇದಿಸಿಕೊಂಡಿದ್ದ. ಅಧಿಕಾರಿ ನಕ್ಕು, ಹಳೆಯ ಕೋಟಿಗೇ ಅಪ್ಪಣೆ ಕೊಟ್ಟರು. ಪಂಜರದೊಳಗೆ ಕಾಲಿಡುವ ಯಾರೂ ಕೆಂಪು ತೊಡಬಾರದು, ಕೊಡೆ ತರಬಾರದು, ಟೋಪಿ ಬದಲಿಸಬಾರದು. ಇವೆಲ್ಲ ಮೆಲ್ಲಗಯ್ಯನ ಶಾಸನಗಳು. ಇಷ್ಟೆಲ್ಲ ಬಲ್ಲವನು ತನ್ನ ತಲೆಯೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ತಲೆ ನಮಗೆ ಕಾಣುವುದಿಲ್ಲವಲ್ಲ.

ಆ ತಲೆ ಬೆಳ್ಳಗಿತ್ತು. ಅಲ್ಲೊಂದು ಇಲ್ಲೊಂದು ನರೆ ಬಂದ ತಲೆಯಲ್ಲ. ಯೌವನ ಮುಗಿಯುವ ಮೊದಲೇ ಹತ್ತಿಯಂತೆ ಸಂಪೂರ್ಣ ಬೆಳ್ಳಗಾಗಿ, ಹಣೆಯ ಮೇಲೊಂದು ಕುಚ್ಚು ಯಾವಾಗಲೂ ಬಾಗಿಕೊಂಡಿರುತ್ತಿದ್ದ ತಲೆ. ಯಾವುದೋ ಇರುಳು ಪಂಜರದಲ್ಲಿ ಸಿಕ್ಕಿಹಾಕಿಕೊಂಡು ಹೆದರಿ ಒಂದೇ ಬಾರಿಗೆ ನೆರೆತುಹೋಯಿತೆಂದು ಸಿಂಹದ ಮನೆಯವರು ಕಥೆ ಕಟ್ಟಿದ್ದರು. ಅವನನ್ನು ಕೇಳಿದರೆ, "ನಮ್ಮಪ್ಪಂದೂ ಹಿಂಗೇ ಇತ್ತು" ಎಂದಷ್ಟೇ ಹೇಳುತ್ತಿದ್ದ. ತಂದೆಯೂ ಹೀಗೆಯೇ ಹೆದರುತ್ತಿದ್ದನೋ ಏನೋ, ಅದನ್ನು ಕೇಳುವಷ್ಟು ನಿರ್ದಯರು ನಮ್ಮಲ್ಲಿ ಯಾರೂ ಇರಲಿಲ್ಲ.

ಅವನ ಭಯಗಳಿಗೆ ಮೇರೆಯಿರಲಿಲ್ಲ. ತಿರುಗುವ ಫ್ಯಾನಿನ ಅಡಿ ಕೂರುತ್ತಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದರೆ ಇನ್ನೊಬ್ಬರಿಗೆ ದಾರಿ ಬಿಡುವವನಂತೆ ಸಭ್ಯವಾಗಿ ಹಿಂದೆ ಸರಿದು ಮೆಟ್ಟಿಲು ಹಿಡಿಯುತ್ತಿದ್ದ. ಮನೆಯಲ್ಲಿ ಕುಕ್ಕರು ಕೂಗುವ ಸೂಚನೆ ಸಿಕ್ಕರೆ ಅವನ ಕೆಲಸ ಅಂಗಳದಲ್ಲಿರುತ್ತಿತ್ತು. ಅವನ ಹೆಂಡತಿ ಬಟ್ಟೆ ಹೊಲಿಯುವವಳು, ಮಾತಿನಲ್ಲೂ ಕತ್ತರಿ ಇಟ್ಟುಕೊಂಡವಳು. ಇವನು ಕೆಲಸಕ್ಕೆ ಸೇರಿದ್ದು ಹಕ್ಕಿಗಳನ್ನು ಪಂಜರದಲ್ಲಿ ಕಾಯಲಿಕ್ಕಲ್ಲ, ತಾನೇ ಒಂದು ಪಂಜರದೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳಲಿಕ್ಕೆ ಎಂದು ಅವಳು ಹೇಳುತ್ತಿದ್ದಳು. ಹೇಳಿ, ಅವನ ಪಾಲಿನ ಕಾಫಿಯನ್ನು ನಾಲಿಗೆ ಸುಡದಷ್ಟು ಆರಿಸಿ ಕೊಡುತ್ತಿದ್ದಳು.

ಇಂಥವನ ಬದುಕಿನೊಳಗೆ ಮಂಗಟ್ಟೆ ಹಕ್ಕಿ ಬಂದದ್ದು ಒಂದು ವಿಪರ್ಯಾಸವೇ ಸರಿ. ಮುಖಕ್ಕಿಂತ ದೊಡ್ಡ ಕೊಕ್ಕು, ರೆಪ್ಪೆಗೂದಲಿರುವ ಕಣ್ಣು, ರೆಕ್ಕೆ ಬಡಿದರೆ ಯಾರೋ ಏದುಸಿರು ಬಿಡುತ್ತಿದ್ದಾರೆಂಬ ಭ್ರಮೆ ಹುಟ್ಟಿಸುವ ಆ ಹಕ್ಕಿಯ ಸಂಸಾರವೇ ಒಂದು ಭಯಾನಕ ವಿಶ್ವಾಸ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು, ಮಣ್ಣು ಹಿಕ್ಕೆಗಳನ್ನು ಮೆತ್ತಿ ಬಾಗಿಲನ್ನು ಒಳಗಿನಿಂದಲೇ ಮುಚ್ಚಿಬಿಡುತ್ತದೆ. ಕೊಕ್ಕು ತೂರುವಷ್ಟು ಒಂದು ಕಿಂಡಿ ಮಾತ್ರ ಉಳಿಯುತ್ತದೆ. ಒಳಗೆ ಕುಳಿತು ತನ್ನ ಹಾರುವ ಗರಿಗಳನ್ನೆಲ್ಲ ಉದುರಿಸಿಕೊಳ್ಳುತ್ತದೆ. ಇನ್ನು ಅದರ ಅನ್ನವೆಲ್ಲ ಹೊರಗಿನಿಂದ ಗಂಡು ತಂದು ಆ ಕಿಂಡಿಯಲ್ಲಿ ತುರುಕುವ ಹಣ್ಣು. ಗಂಡು ಬಂದರೆ ಉಂಟು, ಬಾರದಿದ್ದರೆ ತಾಯಿಯೂ ಮರಿಯೂ ಕತ್ತಲೆಯಲ್ಲಿ ಒಣಗಬೇಕು. ಅಷ್ಟು ನಂಬಿ ಬಾಗಿಲು ಮುಚ್ಚಿಕೊಳ್ಳುವುದು ಹೇಗೆ ಸಾಧ್ಯವೆಂದು ಮೆಲ್ಲಗಯ್ಯನಿಗೆ ಎಂದೂ ತಿಳಿಯಲಿಲ್ಲ. ಪ್ರತಿ ವರ್ಷ ಆ ದಿನಗಳಲ್ಲಿ ಅವನ ಊಟ ಅರ್ಧಕ್ಕಿಳಿಯುತ್ತಿತ್ತು.

ಈ ಹೆಣ್ಣನ್ನು ಅವನು ಮರಿಯಿದ್ದಾಗ ತನ್ನ ಮನೆಯಲ್ಲೇ ಸಾಕಿದ್ದ. ಆಗ ಶಾಲೆಗೆ ಹೋಗುತ್ತಿದ್ದ ಮಗಳು ಅದಕ್ಕೆ ಪಪ್ಪಾಯಿ ಹಿಸುಕಿ ತಿನ್ನಿಸಿದ್ದಳು. ಹೆಂಡತಿ ಬೈಯುತ್ತಲೇ ತನ್ನ ಹೊಲಿಗೆಯ ಚಿಂದಿಗಳಿಂದ ಹಾಸಿಗೆ ಮಾಡಿಕೊಟ್ಟಿದ್ದಳು. ಕಣ್ಣು ತೆರೆದ ಮೇಲೆ ಅದು ಕಂಡದ್ದೆಲ್ಲ ತನ್ನ ಮೇಲೆ ಬಾಗುವ ಒಂದು ಬಿಳಿಯ ತಲೆ. ಈ ವರ್ಷ ಅದು ಪೊಟರೆಯ ಬಾಗಿಲು ಮುಚ್ಚಿಕೊಂಡ ಮೇಲೆ, ಒಂದು ಮುಂಜಾನೆ ಗಂಡು ಹಕ್ಕಿ ನೆಲದಲ್ಲಿ ಸತ್ತು ಬಿದ್ದಿತ್ತು. ಶ್ವಾಸಕೋಶದ ರೋಗ ಎಂದು ಪಶುವೈದ್ಯೆ ಹೇಳಿದರು. ನಾವು ಡಾಕ್ಟರಮ್ಮ ಎನ್ನುತ್ತಿದ್ದ ಅವರು ತಾವೇ ಉದ್ದನೆಯ ಇಕ್ಕಳದಲ್ಲಿ ದ್ರಾಕ್ಷಿ ಹಿಡಿದು ಕಿಂಡಿಗೊಡ್ಡಿದರು. ಹಕ್ಕಿ ತಿರುಗಿಯೂ ನೋಡಲಿಲ್ಲ. ಆಮೇಲೆ ಮೆಲ್ಲಗಯ್ಯ ಇಕ್ಕಳ ಹಿಡಿದು, ಗಂಡು ಕೂರುತ್ತಿದ್ದ ಕೊಂಬೆಯ ಬಳಿ ಏಣಿಯಲ್ಲಿ ನಿಂತು ತಲೆ ಬಾಗಿಸಿದ. ಒಳಗಿನಿಂದ ಕೊಕ್ಕು ಬಂತು, ಹಣ್ಣು ಹೋಯಿತು. ಏಣಿಯೆಂದರೆ ಪ್ರಾಣಭಯವಿದ್ದ ಮನುಷ್ಯ ಅಂದಿನಿಂದ ಹೊತ್ತುಹೊತ್ತಿಗೆ ಆ ಏಣಿ ಹತ್ತತೊಡಗಿದ. ಕೆಲವು ವಾರಗಳ ನಂತರ ಪೊಟರೆಯೊಳಗೆ ಎರಡನೆಯದೊಂದು ಸಣ್ಣ ದನಿ ಕೇಳಿಸಿದಾಗ ಅವನು ಸಂತೋಷಪಡಬೇಕಿತ್ತು. "ಈಗ ಎರಡು ಜೀವ ಆಯ್ತು ಡಾಕ್ಟರಮ್ಮ" ಎಂದು ಅವನು ಹೇಳಿದ ಧಾಟಿಯಲ್ಲಿ ಸಂತೋಷವೇನೂ ಇರಲಿಲ್ಲ.

ಅದೇ ದಿನಗಳಲ್ಲಿ ಮಗಳ ಮದುವೆ ನಿಶ್ಚಯವಾಗಿತ್ತು. ಗಂಡ ಹೆಂಡತಿ ಬಟ್ಟೆ ಅಂಗಡಿಗೆ ಹೋದರು. ಅಂಗಡಿಯವನು ಬಟ್ಟೆಯ ಥಾನುಗಳನ್ನು ಬಿಡಿಸುತ್ತ, ಬಾಗಿಲ ಬಳಿ ಅಂಜುತ್ತ ನಿಂತಿದ್ದ ಮೆಲ್ಲಗಯ್ಯನನ್ನು ತೋರಿಸಿ, "ಅಮ್ಮಾ, ನಿಮ್ಮ ತಂದೆಯೋರು ಆಗಿಂದ ನಿಂತೇ ಇದ್ದಾರಲ್ಲ, ಕುರ್ಚಿ ಹಾಕಿಸ್ಲಾ?" ಎಂದ. ಹೆಂಡತಿ ಕೈಯಲ್ಲಿದ್ದ ಥಾನನ್ನು ಕೆಳಗಿಟ್ಟಳು. ಬಟ್ಟೆ ಕೊಳ್ಳದೆ ಹೊರಬಂದಳು. ಕತ್ತರಿಯಂಥ ಆ ನಾಲಿಗೆ ಮನೆ ಮುಟ್ಟುವವರೆಗೂ ಅಲುಗಲಿಲ್ಲ.

"ರೀ, ಒಂದೇ ಒಂದು ಸಲ. ಫೋಟೋದಲ್ಲಿ ನೀವು ನನ್ನ ಗಂಡನ ಥರ ಕಾಣ್ಬೇಕು" ಎಂದಳು ಕೊನೆಗೆ. ಅವಳು ಅವನನ್ನು ಏನನ್ನಾದರೂ ಬೇಡಿದ್ದು ಅಪರೂಪ. ಅವನು ಒಪ್ಪಿದ.

ಒಪ್ಪಿದವನು ಸುಮ್ಮನೆ ಒಪ್ಪಲಿಲ್ಲ. ಡೈ ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ಭೂತಗನ್ನಡಿ ಹಿಡಿದು ಓದಿದ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿಕೊಂಡು ಎರಡು ದಿನ ಕಾದ. ಇನ್ನೊಂದು ಕಿವಿಗೆ ಅನ್ಯಾಯವಾಗಬಾರದೆಂದು ಅದರ ಹಿಂದೆಯೂ ಹಚ್ಚಿಕೊಂಡು ಮತ್ತೆ ಕಾದ. ಕಣ್ಣು ಊದುತ್ತದೆಯೇ, ನಾಲಿಗೆ ದಪ್ಪವಾಗುತ್ತದೆಯೇ, ದಿಂಬು ಕಪ್ಪಾಗುತ್ತದೆಯೇ, ಎಲ್ಲವನ್ನೂ ಹೆಂಡತಿಯ ತಲೆ ಚಿಟ್ಟುಹಿಡಿಯುವ ಹಾಗೆ ಕೇಳಿದ. ಹೆದರಬೇಕಾದ ನೂರೆಂಟು ಸಂಗತಿಗಳನ್ನು ಹೀಗೆ ಹುಡುಕಿ ಹುಡುಕಿ ಹೆದರಿದವನಿಗೆ ನಿಜವಾಗಿ ಹೆದರಬೇಕಾದ ಒಂದೇ ಒಂದು ಸಂಗತಿ ಹೊಳೆಯಲಿಲ್ಲ. ಮದುವೆಗೆ ಎರಡು ದಿನ ಮೊದಲು, ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದ ಮೇಲೆ, ಹೆಂಡತಿ ಅವನ ತಲೆಗೆ ಬಣ್ಣ ಬಳಿದಳು. ತೊಳೆದು ಕನ್ನಡಿ ತೋರಿಸಿದಾಗ ಅವನು ಬೆಚ್ಚಿ ಹಿಂದೆ ಸರಿದ. ಸ್ನಾನದ ಮನೆಯೊಳಗೆ ಅಪರಿಚಿತನೊಬ್ಬ ನುಗ್ಗಿದ್ದಾನೆಂದೇ ಅವನಿಗೆ ಒಂದು ಕ್ಷಣ ಅನ್ನಿಸಿತ್ತು.

ಶನಿವಾರ ಬೆಳಗ್ಗೆ ಹಕ್ಕಿ ಹಣ್ಣು ಮುಟ್ಟಲಿಲ್ಲ. ಇಕ್ಕಳ ಕಿಂಡಿಯ ಹತ್ತಿರ ಬರುತ್ತಲೇ ಒಳಗೆ ದಡಬಡ ಸದ್ದಾಗಿ, ಮರಕ್ಕೆ ಬಾಲ ಬಡಿಯುವುದು ಕೇಳಿತು. ನಿನ್ನೆಯ ಹಣ್ಣು ಹುಳಿಯಿತ್ತೇನೋ ಎಂದುಕೊಂಡ. ಮಧ್ಯಾಹ್ನವೂ ಮುಟ್ಟಲಿಲ್ಲ, ಹೊರಗೆ ಶಾಲೆಯ ಮಕ್ಕಳ ಗಲಾಟೆ ಎಂದುಕೊಂಡ. ಸಂಜೆಯೂ ಮುಟ್ಟದಿದ್ದಾಗ ಏನಂದುಕೊಳ್ಳಬೇಕೋ ತಿಳಿಯದೆ ಏಣಿಯ ಮೇಲೆ ನಿಂತೇ ಇದ್ದ. ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟು ಆಡಿದರೆ ನಿಜವಾಗಿಬಿಡುತ್ತದೆಂಬ ದಿಗಿಲು ಅವನಿಗೆ ಚಿಕ್ಕಂದಿನಿಂದ ಇತ್ತು.

ಭಾನುವಾರ ಬೆಳಕು ಹರಿಯುತ್ತಲೇ ಮತ್ತೆ ಹೋಗಿ, ಮತ್ತೆ ಸೋತು, ಅಲ್ಲಿಂದ ನೇರವಾಗಿ ಮದುವೆಯ ಸಭಾಂಗಣಕ್ಕೆ ಬಂದ. ಹೊಸ ಅಂಗಿ ತೊಟ್ಟು, ಮಗಳ ಪಕ್ಕದಲ್ಲಿ ಫೋಟೋಕ್ಕೆ ನಿಂತ. ಆ ಫೋಟೋ ಈಗಲೂ ಅವರ ಮನೆಯ ಗೋಡೆಯಲ್ಲಿದೆ: ವಧು ವರರು ನಗುತ್ತಿದ್ದಾರೆ, ಹೆಂಡತಿ ಹೆಮ್ಮೆಯಿಂದ ಕ್ಯಾಮೆರಾ ನೋಡುತ್ತಿದ್ದಾಳೆ, ದಟ್ಟ ಕಪ್ಪು ತಲೆಯ ಗಂಡಸೊಬ್ಬ ಬಾಗಿಲ ಕಡೆ ನೋಡುತ್ತಿದ್ದಾನೆ. ಬಾಗಿಲಿನಿಂದ ಒಳಬಂದ ಡಾಕ್ಟರಮ್ಮ ಅವನ ಎದುರಿಗೇ ಹಾದು, ಅವನನ್ನು ದಾಟಿ, ಹೆಂಡತಿಯ ಬಳಿ ಹೋಗಿ, "ಎಲ್ಲಿ ನಿಮ್ಮನೆಯೋರು? ಇವತ್ತೂ ಪಂಜರದಲ್ಲೇ ಇದ್ದಾರಾ?" ಎಂದು ಕೇಳಿದರು.

"ಇಲ್ಲೇ ಇದೀನಲ್ಲ ಡಾಕ್ಟರಮ್ಮ" ಎಂದ ಮೆಲ್ಲಗಯ್ಯ ಅವರ ಬೆನ್ನ ಹಿಂದಿನಿಂದ.

ಡಾಕ್ಟರಮ್ಮ ತಿರುಗಿದರು. ಮೊದಲು ನಕ್ಕರು. "ಅಯ್ಯೋ, ಗುರುತೇ ಸಿಗ್ಲಿಲ್ಲ ಕಣಯ್ಯಾ!" ಎಂದರು. ಆಮೇಲೆ ಅವನ ಮುಖ ನೋಡಿ, "ಏನಾಯ್ತು?" ಎಂದರು. ನಿನ್ನೆಯಿಂದ ಹಕ್ಕಿ ಒಂದು ದ್ರಾಕ್ಷಿಯನ್ನೂ ಮುಟ್ಟಿಲ್ಲವೆಂದು ಅವನು ಹೇಳಿದ. ಡಾಕ್ಟರಮ್ಮನ ನಗು ನಿಂತಿತು. ಅವರ ಕಣ್ಣು ಮತ್ತೊಮ್ಮೆ ಮೇಲೇರಿ ಅವನ ಕೂದಲಿನ ಮೇಲೆ ನೆಟ್ಟುಕೊಂಡಿತು.

"ಇದನ್ನ ಯಾವಾಗ ಹಚ್ಕೊಂಡೆ?"

ಮೆಲ್ಲಗಯ್ಯನ ಕೈ ತಾನಾಗಿ ತಲೆಗೆ ಹೋಯಿತು.

ಊಟದ ಎಲೆಯನ್ನೂ ನೋಡದೆ ಅವನೂ ಡಾಕ್ಟರಮ್ಮನೂ ಪಂಜರಕ್ಕೆ ಧಾವಿಸಿದರು. ಅವನು ಹಳೆಯ ಕೋಟು ಹಾಕಿಕೊಂಡು ಏಣಿಯೇರಿದ. ಅದೇ ಕೋಟು, ಅದೇ ಇಕ್ಕಳ, ಅದೇ ಸಪ್ಪಳವಿಲ್ಲದ ಹೆಜ್ಜೆ. ಒಳಗೆ ಅದೇ ದಡಬಡ. ಬೂದು ಬಣ್ಣದ ಟವೆಲ್ಲೊಂದು ಅಲ್ಲಿತ್ತು. ಡಾಕ್ಟರಮ್ಮ ಅದು ಬೇಡವೆಂದು ಬಿಳಿಯದನ್ನೇ ಹುಡುಕಿ ತಂದು ಅವನ ತಲೆಗೆ ಸುತ್ತಿದರು. ಅದನ್ನು ಕಂಡದ್ದೇ ಹಕ್ಕಿ ಕಿರುಚಿಕೊಂಡಿತು. ಆಮೇಲೆ ಇಬ್ಬರಿಗೂ ನೆನಪಾಯಿತು: ಚುಚ್ಚುಮದ್ದಿಗೆಂದು ಹಕ್ಕಿಗಳನ್ನು ಹಿಡಿಯುವಾಗ ಅವುಗಳ ಮೇಲೆ ಹಾಕುವುದು ಇಂಥ ಟವೆಲನ್ನೇ. ಹಕ್ಕಿಯ ಪಾಲಿಗೆ ತನ್ನ ಮನುಷ್ಯ ಮಾಯವಾಗಿ, ಆ ಜಾಗಕ್ಕೆ ಹಿಡಿಯುವವನು ಬಂದಿದ್ದ. ಗದ್ದಲ ಅಡಗಿದ ಮೇಲೆ ಮರಿಯ ದನಿಗಾಗಿ ಕಿವಿಗೊಟ್ಟರು. ದನಿ ಇತ್ತು, ಆದರೆ ಕೂಗಾಗಿರಲಿಲ್ಲ, ಬರೀ ಕೀರಲು ಉಸಿರಾಗಿತ್ತು.

ಡಾಕ್ಟರಮ್ಮ ಕೆಳಗೆ ನಿಂತು ಯೋಚಿಸಿದರು. ಪೊಟರೆಯ ಬಾಯಿಗೆ ಮೆತ್ತಿದ ಮಣ್ಣಿನ ಗೋಡೆ ಒಡೆದರೆ ತಾಯಿ ಗಾಬರಿಯಲ್ಲಿ ಮರಿಯನ್ನು ತುಳಿದುಬಿಡಬಹುದು. ಗರಿಯಿಲ್ಲದ ತಾಯಿಯೂ ಉಳಿಯುತ್ತದೆಂಬ ಭರವಸೆಯಿಲ್ಲ. ಒಡೆಯದಿದ್ದರೆ ಎರಡೂ ಉಪವಾಸ ಸಾಯುತ್ತವೆ. "ಇವತ್ತು ಕತ್ತಲಾಗೋದ್ರೊಳಗೆ ಅವಳು ತಿನ್ಬೇಕು. ಇಲ್ಲಾಂದ್ರೆ ನಾಳೆ ಬೆಳಗ್ಗೆ ಗೋಡೆ ಒಡೀತೀನಿ. ನನಗೆ ಬೇರೆ ದಾರಿ ಇಲ್ಲ" ಎಂದರು.

"ತಲೆ ಬೋಳಿಸ್ಕೊಂಡ್ರೆ?"

"ಬೋಳು ತಲೆಯೋನು ಮೂರನೇ ಮನುಷ್ಯ ಆಗ್ತಾನಲ್ಲಯ್ಯಾ."

"ಪೌಡರ್ ಬಳ್ಕೊಂಡ್ರೆ?"

"ಗಂಡು ಯಾತಕ್ಕೆ ಸತ್ತಿದ್ದು ಮರೆತ್ಯಾ? ಆ ಕಿಂಡಿಯೊಳಗೆ ಪುಡಿ ಉದುರಿದ್ರೆ ಮರಿ ಉಸಿರು ಕಟ್ಟುತ್ತೆ. ಮನೆಗೆ ಹೋಗು. ಆ ಬಣ್ಣ ಎಷ್ಟು ಹೋಗುತ್ತೋ ಅಷ್ಟು ತೆಗಿ."

ಅವನು ಮನೆಗೆ ಬಂದಾಗ ಹೆಂಡತಿ ಆಗಲೇ ಬಂದಿದ್ದಳು. ಮಗಳನ್ನು ಗಂಡನ ಮನೆಗೆ ಅವಳೊಬ್ಬಳೇ ಕಳಿಸಿಕೊಟ್ಟಿದ್ದಳು, ಅಪ್ಪ ಬೀಳ್ಕೊಟ್ಟಿರಲಿಲ್ಲ. ಆ ಮಾತನ್ನು ಹೆಂಡತಿ ಎತ್ತಲಿಲ್ಲ. ಸ್ಟೂಲನ್ನು ಸ್ನಾನದ ಮನೆಗೆ ಎಳೆದು, "ಕೂತ್ಕೊಳ್ಳಿ" ಎಂದಳು. ಬಳಿದವಳು ತಾನು, ತೆಗೆಯಬೇಕಾದವಳೂ ತಾನೇ ಎಂಬುದು ಅವಳ ಮುಖದಲ್ಲಿತ್ತು.

ಮೊದಲು ಬೆಚ್ಚಗಿನ ಎಣ್ಣೆ ತಿಕ್ಕಿದಳು. ಬೆರಳು ಕಪ್ಪಾದವು, ತಲೆ ಹಾಗೆಯೇ ಉಳಿಯಿತು. ತಲೆಹೊಟ್ಟಿನ ಶಾಂಪೂವಿಗೆ ಅಡಿಗೆ ಸೋಡಾ ಕಲಸಿ ತಿಕ್ಕಿ, ಬಿಸಿನೀರು ಸುರಿದಳು. ಕಾಫಿ ಬಣ್ಣದ ನೀರು ಹರಿದು ನೆಲದ ತೂತಿಗಿಳಿಯಿತು. ಬಣ್ಣ ಹೊಸದಾದ್ದರಿಂದ ಒಂದಿಷ್ಟು ಬಿಡುತ್ತಿತ್ತು. ಪಕ್ಕದ ಮನೆಯವಳು ಹಿಂದೊಮ್ಮೆ ಹೇಳಿದ್ದು ನೆನಪಾಗಿ, ಮನೆಯಲ್ಲಿದ್ದ ವಿಟಮಿನ್ ಸಿ ಮಾತ್ರೆಗಳನ್ನು ಕುಟ್ಟಿ, ಅದೇ ಶಾಂಪೂವಿನಲ್ಲಿ ಕಲಸಿ, ಇಡೀ ತಲೆಗೆ ಮೆತ್ತಿ, ಪ್ಲಾಸ್ಟಿಕ್ ಚೀಲ ಕಟ್ಟಿದಳು. ಇಬ್ಬರೂ ಕಾದರು. ಬಚ್ಚಲಿನ ಸಣ್ಣ ಕಿಟಕಿಯಿಂದ ಬಿದ್ದಿದ್ದ ಬಿಸಿಲು ಬಕೆಟ್ಟಿನಿಂದ ಗೋಡೆಗೆ ಏರುತ್ತಿತ್ತು. ಮೆಲ್ಲಗಯ್ಯ ಅದನ್ನೇ ನೋಡುತ್ತಿದ್ದ. ಒಳಗೆ ಕುಳಿತ ಹಕ್ಕಿಗೂ ಇದೇ ಬಿಸಿಲು ಕಿಂಡಿಯಲ್ಲಿ ಹೀಗೆ ಸರಿಯುತ್ತಿರಬಹುದು, ಅದು ಯಾರಿಗಾಗಿ ಕಾಯುತ್ತಿರಬಹುದು ಎಂಬ ಯೋಚನೆ ಬಂದು ಅವನಿಗೆ ಕೂರಲಾಗಲಿಲ್ಲ.

ಚೀಲ ಬಿಚ್ಚಿ ತೊಳೆದರೆ ತಲೆ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಕಪ್ಪೂ ಅಲ್ಲ, ಬಿಳಿಯೂ ಅಲ್ಲ.

ಆಗ ಮೆಲ್ಲಗಯ್ಯ ಎದ್ದು ಹೋಗಿ, ಅಂಗಳದ ಮೂಲೆಯಲ್ಲಿದ್ದ ಡಬ್ಬಿ ತಂದ. ಪಂಜರದ ನೆಲ ತೊಳೆಯುವ ಬ್ಲೀಚಿಂಗ್ ಪೌಡರ್ ಅದು. ಎಂಥ ಕಲೆಯಿದ್ದರೂ ಕಲ್ಲು ಬೆಳ್ಳಗಾಗುವುದನ್ನು ಅವನು ಜೀವಮಾನವಿಡೀ ನೋಡಿದ್ದ. ಅದನ್ನು ಬಕೆಟ್ಟಿಗೆ ಹಾಕುವಾಗ ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿಕೊಂಡು ಮಾರುದೂರ ನಿಲ್ಲುತ್ತಿದ್ದವನೂ ಅವನೇ. ಈಗ ಬರಿಗೈಯಲ್ಲಿ ಮುಚ್ಚಳ ತಿರುಗಿಸಿದ.

"ನೀರು ಹಾಕು ಇವಳೇ. ಕಲಸು."

"ತಲೆ ಕೆಟ್ಟಿದ್ಯಾ ನಿಮಗೆ? ಸುಟ್ಟು ಹೋಗ್ತೀರಿ! ಕಣ್ಣಿಗೆ ಬಿದ್ರೆ?"

"ಬೀಳ್ಲಿ."

ಕುಕ್ಕರಿನ ಕೂಗಿಗೆ ಅಂಗಳಕ್ಕೋಡುವ ಗಂಡನ ಜೊತೆ ಬಾಳುವುದು ಅವಳಿಗೆ ಅಭ್ಯಾಸವಾಗಿತ್ತು. ಹೆದರದ ಗಂಡನನ್ನು ಅವಳು ಕಂಡಿರಲಿಲ್ಲ. ಕಂಡಾಗ ಜೀವ ಬಾಯಿಗೆ ಬಂತು. ಡಬ್ಬಿಯನ್ನು ಅವನ ಕೈಯಿಂದ ಕಿತ್ತು, ಹಿತ್ತಿಲ ಬಾಗಿಲಾಚೆ ಎಸೆದು, ಅಗುಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಅವಳ ಎದುರಿಗೆ ನೀರಿಳಿಯುವ ತಲೆಯಲ್ಲಿ ನಿಂತ.

"ಅಲ್ಲಾ ರೀ, ಆ ಗೂಡೊಳಗಿಂದ ಅವಳಿಗೆ ಎಷ್ಟು ಕಾಣುತ್ತೆ?" ಎಂದಳು ಹೆಂಡತಿ.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಕಿಂಡಿ ಎಷ್ಟು ಅಗಲ ಇದೆ? ನಿಮ್ಮ ತಲೆ ಪೂರ್ತಿ ಕಾಣುತ್ತಾ ಅವಳಿಗೆ?"

ಅವನು ಎರಡು ಬೆರಳು ಎತ್ತಿ ತೋರಿಸಿದ. ಹೆಂಡತಿ ಸ್ನಾನದ ಮನೆಯೊಳಗೆ ಹೋಗಿ, ಬಾಗಿಲನ್ನು ಎರಡು ಬೆರಳಷ್ಟೇ ಸಂದು ಬಿಟ್ಟು ಎಳೆದುಕೊಂಡು, ಒಳಗೆ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತಳು. "ಈಗ ಅಲ್ಲಿ ಮಾಡೋ ಹಾಗೇ ಮಾಡಿ" ಎಂದಳು. ಅವನು ಹೊರಗೆ ನಿಂತು, ಇಕ್ಕಳವಿಲ್ಲದ ಕೈಯನ್ನು ಸಂದಿಗೆ ಒಡ್ಡಿ, ದಿನವೂ ಬಾಗುವಂತೆ ಬಾಗಿದ. ಒಳಗಿನ ಕತ್ತಲೆಯಿಂದ ಅವಳು ನೋಡಿದಳು. ಕಂಡದ್ದು ಹಣೆಯ ಮೇಲಿನ ಕುಚ್ಚು ಮತ್ತು ಅದರ ಕೆಳಗೆ ಅವನ ಎರಡು ಕಣ್ಣು. ಇಷ್ಟು ವರ್ಷ ಗೇಲಿ ಮಾಡುತ್ತ ಬಂದ ಆ ಹೆದರಿಕೆಯನ್ನು ಅವಳು ಅಷ್ಟು ಹತ್ತಿರದಿಂದ, ಅದು ಯಾರ ಕಡೆಗೆ ಬಾಗಿರುತ್ತದೋ ಅವರ ಜಾಗದಲ್ಲಿ ಕುಳಿತು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಅವಳು ಏಳಲಿಲ್ಲ.

ಎದ್ದು ಬಂದು, "ಕುಚ್ಚು ಮಾತ್ರ. ಇಡೀ ತಲೆ ಯಾರಿಗೆ ಬೇಕು?" ಎಂದಳು.

ಉಳಿದಿದ್ದ ಮಾತ್ರೆಗಳನ್ನೆಲ್ಲ ಕುಟ್ಟಿ ಅದೇ ಸೋಡಾ ಶಾಂಪೂವಿನಲ್ಲಿ ದಪ್ಪಗೆ ಕಲಸಿದಳು. ಮುಂದಲೆಯ ಒಂದು ಹಿಡಿ ಕೂದಲನ್ನಷ್ಟೇ ಬೇರೆ ಮಾಡಿ, ಹೊಲಿಗೆಯಲ್ಲಿ ಎಳೆ ಬಿಡಿಸುವಂತೆ ಒಂದೊಂದೇ ಎಳೆ ಹಿಡಿದು ಹಚ್ಚಿದಳು, ಕಾದಳು, ತೊಳೆದಳು, ಮತ್ತೆ ಹಚ್ಚಿದಳು. ಸೋಡಾಕ್ಕೆ ಅವಳ ಬೆರಳ ತುದಿಗಳು ಸುಲಿದು ಉರಿಯತೊಡಗಿದವು. ಹಣೆ ಕೆಂಪಾಗಿ ಅವನಿಗೂ ಉರಿಯುತ್ತಿತ್ತು. ಬಿಸಿ ತಗಲುವ ಮೊದಲೇ ಕೂಗಿಕೊಳ್ಳುತ್ತಿದ್ದವನು ಕಣ್ಣು ಮುಚ್ಚಿ ಕಲ್ಲಿನಂತೆ ಕುಳಿತಿದ್ದ. ತುಕ್ಕು ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ಬಂತು, ಹುಲ್ಲು ಇನ್ನೂ ತಿಳಿಯಾಗಿ ಹಾಲಿಗೆ ಹನಿ ಚಹಾ ಬಿದ್ದಂಥ ಬಣ್ಣಕ್ಕೆ ಬಂತು. ಅಲ್ಲಿಗೆ ನಿಂತಿತು. ಬಿಸಿಲು ಗೋಡೆಯನ್ನು ದಾಟಿ ಸೂರಿಗೇರಿತ್ತು.

"ಇಷ್ಟೇ ಆಗೋದು. ಓಡಿ" ಎಂದಳು.

ಅವನು ಓಡಿದ. ಸಪ್ಪಳವಾಗುವಂತೆ ಓಡಿದ್ದನ್ನು ನಾವು ನೋಡಿದೆವು. ಕೆಂಪು ಹಣೆ, ತುಕ್ಕು ತಲೆ, ಮುಂದೊಂದು ಮಾಸಲು ಬಿಳಿ ಕುಚ್ಚು. ಸಿಂಹದ ಮನೆಯವರೂ ನಗಲಿಲ್ಲ. ಪಂಜರದ ಬಾಗಿಲಿನಿಂದ ಮತ್ತೆ ಅವನು ಮೆಲ್ಲಗಯ್ಯನಾದ. ಏಣಿ ಹತ್ತಿದ. ತಲೆ ಬಾಗಿಸಿದ, ಕುಚ್ಚು ಮಾತ್ರ ಕಿಂಡಿಗೆ ಎದುರಾಗುವಂತೆ, ಉಳಿದ ತಲೆ ನೆರಳಿನಲ್ಲುಳಿಯುವಂತೆ. ಇಕ್ಕಳದಲ್ಲಿ ಪಪ್ಪಾಯಿಯ ಹೋಳು. ದೂರದಲ್ಲಿ ಡಾಕ್ಟರಮ್ಮ ನಿಂತಿದ್ದರು.

ಒಳಗೆ ಸದ್ದಾಗಲಿಲ್ಲ. ಸದ್ದಾಗದಿರುವುದು ಒಳ್ಳೆಯದೋ ಕೆಟ್ಟದೋ ಅವನಿಗೆ ತಿಳಿಯಲಿಲ್ಲ. ಸತ್ತೇಹೋಗಿದೆಯೇನೋ ಎಂಬ ಯೋಚನೆ ಬಂದು ಕಣ್ಣು ಕತ್ತಲೆಗಟ್ಟಿತು. ಕೈ ಮಾತ್ರ ಅಲುಗಲಿಲ್ಲ. ಕಿಂಡಿಯಾಚೆ ಏನೋ ಮಿನುಗಿತು. ಒಂದು ಕಣ್ಣು. ಅದು ಅವನನ್ನು ನೋಡಿತು, ಬಹಳ ಹೊತ್ತು ನೋಡಿತು, ಹಿಂದೆ ಸರಿಯಿತು, ಮತ್ತೆ ಬಂದು ನೋಡಿತು. ಅವನಿಗೆ ಹಾಡು ಬಾರದು, ಮುದ್ದಿನ ಮಾತು ಬಾರದು. ಬರುತ್ತಿದ್ದ ಒಂದೇ ಮಾತನ್ನು ತುಟಿಯಲ್ಲಿ ಹೇಳಿದ. "ಮೆಲ್ಲಗೆ, ಮೆಲ್ಲಗೆ."

ಕೊಕ್ಕು ಹೊರಬಂತು. ಹೋಳಿನ ತುದಿಯನ್ನು ಕಚ್ಚಿ ನೋಡಿತು. ಆಮೇಲೆ ಒಂದೇ ಎಳೆತಕ್ಕೆ ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆ ಸಣ್ಣ ದನಿ ಕೇಳಿಸಿತು, ಮಧ್ಯಾಹ್ನದಂತಲ್ಲದೆ ಜಗಳ ಕಾಯುವ ದನಿಯಾಗಿ. ಅವನು ಒಂದಾದ ಮೇಲೊಂದು ಹಣ್ಣು ಕೊಡುತ್ತ ಹೋದ, ಕಣ್ಣೀರು ಕೋಟಿನ ಮೇಲೆ ಇಳಿಯುತ್ತಿತ್ತು. ಕೆಳಗಿಳಿದು ಬಂದಾಗ ಡಾಕ್ಟರಮ್ಮ, ವೈದ್ಯರಿಗೆ ಸಹಜವಾದ ಪ್ರಾಮಾಣಿಕತೆಯಿಂದ, "ಹಸಿವೂ ಜೋರಾಗಿತ್ತು ಅನ್ಸುತ್ತೆ" ಎಂದರು. "ಇರ್ಲಿ ಬಿಡಿ ಡಾಕ್ಟರಮ್ಮ" ಎಂದ ಮೆಲ್ಲಗಯ್ಯ.

ಪಂಜರದ ಬಾಗಿಲ ಬಳಿ ನಿಂತಿದ್ದಾಗಲೇ ಅವನ ಫೋನು ಬಡಿದುಕೊಂಡಿತು. ಬೀಳ್ಕೊಡದ ತಪ್ಪಿಗೆ ಏನು ಕೇಳಬೇಕಾಗುತ್ತದೋ ಎಂದು ಅಂಜುತ್ತ ಕಿವಿಗೆ ಹಿಡಿದ. ಅತ್ತ ಕಡೆಯಿಂದ ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾ, ತಿಂತಾ?"

"ತಿಂತು ಕಣಮ್ಮ."

"ನೀನು ಊಟ ಮಾಡಿದ್ಯಾ?"

ಅವನು ಫೋನು ಕಿವಿಗಿಟ್ಟುಕೊಂಡೇ ಮನೆಯ ದಾರಿ ಹಿಡಿದ.

ಮುಂದಿನ ವಾರಗಳಲ್ಲಿ ಅವನ ಹೆದರಿಕೆಗಳ ಸಂಸಾರಕ್ಕೆ ಹೊಸದೊಂದು ಸೇರಿತು: ಕೂದಲು ಉದುರುವ ಹೆದರಿಕೆ. ಬುಡದಿಂದ ಬಿಳಿ ಮೇಲೇರುತ್ತ ಬಂದು, ತಲೆ ಮೂರು ಬಣ್ಣವಾಗಿ, ನೋಡಿದವರು ಮೂಗಿನ ಮೇಲೆ ಬೆರಳಿಡುವಂತಿತ್ತು. ಅವನು ಬಾಚಣಿಗೆಯನ್ನೇ ಬಿಟ್ಟ. ಒಂದು ಎಳೆ ದಿಂಬಿನ ಮೇಲೆ ಸಿಕ್ಕರೂ ಹೆಂಡತಿಗೆ ತೋರಿಸುತ್ತಿದ್ದ. ಅವಳು ಈಗ ಗೇಲಿ ಮಾಡದೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹಿಂದಿನದು ಇದು, ಮುಂದಿನದಲ್ಲ" ಎಂದು ಸಮಾಧಾನ ಹೇಳುತ್ತಿದ್ದಳು. ಒಂದು ದಿನ ತಾಯಿಹಕ್ಕಿ ಗೋಡೆಯನ್ನು ತಾನೇ ಕುಟ್ಟಿ ಒಡೆದು ಹೊರಬಂತು. ಹೊಸ ಗರಿಗಳನ್ನು ಒದರಿಕೊಂಡು, ದ್ರಾಕ್ಷಿ ಹಿಡಿದು ಏಣಿಯಲ್ಲಿ ನಿಂತಿದ್ದ ಮನುಷ್ಯನ ಕಡೆ ಕಣ್ಣೂ ಹಾಯಿಸದೆ ಎದುರಿನ ಕೊಂಬೆಗೆ ಹಾರಿ, ತನ್ನ ಮರಿಗೆ ತಾನೇ ಹಣ್ಣು ಹುಡುಕತೊಡಗಿತು. ಮೆಲ್ಲಗಯ್ಯ ಆ ದ್ರಾಕ್ಷಿಯನ್ನು ತಾನೇ ಬಾಯಿಗೆ ಹಾಕಿಕೊಂಡ. ಅಂದು ರಾತ್ರಿ ಅವನು ಹೊಟ್ಟೆ ತುಂಬ ಉಂಡನೆಂದು ಹೆಂಡತಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಪುಕ್ಕಲರೆಂದು ನಾವು ಅವರನ್ನು ನೋಡಿ ನಗುತ್ತೇವೆ, ಜೀವದ ಮೇಲೆ ಆಸೆ ಜಾಸ್ತಿ ಎಂದು ಚುಡಾಯಿಸುತ್ತೇವೆ. ತಮ್ಮ ಜೀವ ದೊಡ್ಡದೆಂದು ಅವರು ಎಂದೂ ಭಾವಿಸಿದವರಲ್ಲ. ಬೇರೊಂದು ಜೀವ ಎಷ್ಟು ಸಣ್ಣ ಆಸರೆಯ ಮೇಲೆ ನಿಂತಿದೆಯೆಂಬುದನ್ನು, ಒಂದು ಹಿಡಿ ಕೂದಲಿನ ಬಣ್ಣ ಬದಲಾದರೂ ಅದು ಆರಿಹೋಗಬಲ್ಲದೆಂಬುದನ್ನು, ಅವರು ಹತ್ತಿರದಿಂದ ಕಂಡುಬಿಟ್ಟಿರುತ್ತಾರೆ. ಕಂಡ ಮೇಲೂ ಹೆದರದೆ ಇರುವುದು ಹೇಗೆಂದು ಅವರಿಗೆ ತಿಳಿಯದು. ಅದು ನಮಗೂ ತಿಳಿಯದು. ನಾವು ಕಂಡಿಲ್ಲ, ಅಷ್ಟೆ.